ಪಾರಿವಾಳದ ತಟ್ಟೆಯಲ್ಲಿ ಉಳಿಯುವ ಕಾಳು

ಪಾರಿವಾಳಕ್ಕೆ ಏನು ಹಾಕಿದರೂ ತಿನ್ನುತ್ತದೆ ಎಂದು ಹೇಳುವವರು ಬಹಳ ಜನ ಇದ್ದಾರೆ. ಬೆಳಿಗ್ಗೆ ಎದ್ದು ಗೂಡು ಗುಡಿಸುವವರು ಮಾತ್ರ ಹಾಗೆ ಹೇಳುವುದಿಲ್ಲ. ತಟ್ಟೆಯಲ್ಲಿ ದಿನವೂ ಏನಾದರೊಂದು ಉಳಿದಿರುತ್ತದೆ. ನಮ್ಮ ಮನೆಯಲ್ಲಿ ಉಳಿಯುವುದು ಹುರುಳಿ. ಅದರ ಜೊತೆ ಸ್ವಲ್ಪ ಭತ್ತ. ಬಟಾಣಿ, ಮೆಕ್ಕೆಜೋಳ, ಶೇಂಗಾ ಮೊದಲ ಸುತ್ತಿನಲ್ಲೇ ಖಾಲಿ. ಆಮೇಲೆ ಗೋಧಿ, ಜೋಳ, ಸಜ್ಜೆ. ಹೆಸರುಕಾಳು ಒಂದು ದಿನ ಪೂರ್ತಿ ಹೋದರೆ ಇನ್ನೊಂದು ದಿನ ಅರ್ಧ ಉಳಿಯುತ್ತದೆ. ಹುರುಳಿಯನ್ನು ಮಾತ್ರ ಕೊಕ್ಕಿನಿಂದ ಆಚೆ ಈಚೆ ಚೆಲ್ಲಿ, ಅದರ ಅಡಿಯಲ್ಲಿ ಇನ್ನೊಂದು ಬಟಾಣಿ ಇದೆಯಾ ಎಂದು ಹುಡುಕುತ್ತವೆ. ಹತ್ತು ನಿಮಿಷ ಬಿಟ್ಟು ಹೋದರೆ ನೆಲದ ತುಂಬ ಹುರುಳಿ.

ಇದು ನನ್ನನ್ನು ಬಹಳ ಕಾಲ ಕಾಡಿದೆ. ನಮ್ಮ ಕಡೆ ಹುರುಳಿ ಎಂದರೆ ಶಕ್ತಿ. ಕಂಬಳದ ಕೋಣಗಳಿಗೆ ಹುರುಳಿ ಬೇಯಿಸಿ ಹಾಕುತ್ತಾರೆ. ಮಳೆ ಹಿಡಿದರೆ ಮನೆಮಂದಿಗೆಲ್ಲ ಹುರುಳಿ ಸಾರು. ನೂರು ಗ್ರಾಂ ಹುರುಳಿಯಲ್ಲಿ ಹತ್ತಿರಹತ್ತಿರ 22 ಗ್ರಾಂ ಪ್ರೋಟೀನ್ ಇರುತ್ತದೆ. ಮೆಕ್ಕೆಜೋಳದಲ್ಲಿ ಅದರ ಅರ್ಧವೂ ಇಲ್ಲ. ಅಂಥ ಕಾಳನ್ನು ಬಿಟ್ಟು ಮೆಕ್ಕೆಜೋಳಕ್ಕೆ ಮುಗಿಬೀಳುವ ಹಕ್ಕಿಗೆ ತನ್ನ ಮೈಗೆ ಏನು ಬೇಕು ಎಂದು ಗೊತ್ತಿಲ್ವಾ? ಇಲ್ಲಾ ಅದು ನೋಡುವುದೇ ಬೇರೆ ಏನನ್ನೋ?

ನಾಲಿಗೆಗಿಂತ ಮೊದಲು ಕಣ್ಣು

ಪಾರಿವಾಳ ಕಾಳನ್ನು ಅಗಿಯುವುದಿಲ್ಲ. ಗಿಳಿಯ ಹಾಗೆ ಸಿಪ್ಪೆ ಬಿಡಿಸುವುದೂ ಇಲ್ಲ. ಇಡಿಯಾಗಿ ನುಂಗುತ್ತದೆ. ನಮ್ಮ ಬಾಯಲ್ಲಿ ರುಚಿ ಮೊಗ್ಗುಗಳು ಸಾವಿರಗಟ್ಟಲೆ ಇವೆ, ಪಾರಿವಾಳಕ್ಕೆ ಇರುವುದು ಕೆಲವು ಹತ್ತುಗಳಷ್ಟೇ. ಅಷ್ಟರಲ್ಲೂ ಕಾಳು ಗಂಟಲಿಗೆ ಇಳಿಯಲು ಅರೆಗಳಿಗೆ ಸಾಕು. ಹಾಗಾದರೆ ಇಷ್ಟೊಂದು ಆರಿಸುವುದು ಯಾವುದನ್ನು ನೋಡಿ?

ಒಂದು ಮಧ್ಯಾಹ್ನ ತಟ್ಟೆಯ ಪಕ್ಕ ಚಾಪೆ ಹಾಕಿ ಕೂತೆ. ನಮ್ಮ ಬೂದು ಗಂಡು ನನಗೆ ಹೆದರುವುದಿಲ್ಲ. ಅದು ತಿನ್ನುವುದನ್ನು ಮೊಬೈಲಿನಲ್ಲಿ ಹಿಡಿದು, ಆಮೇಲೆ ನಿಧಾನಕ್ಕೆ ಓಡಿಸಿ ನೋಡಿದೆ. ತಲೆ ಕೆಳಗೆ ಬರುತ್ತದೆ. ಕಾಳಿನಿಂದ ಸ್ವಲ್ಪ ಮೇಲೆ ಒಂದು ಕ್ಷಣ ನಿಲ್ಲುತ್ತದೆ. ಆಯ್ಕೆ ನಡೆಯುವುದು ಅಲ್ಲಿ. ಆಮೇಲೆ ಕೊಕ್ಕು ನೇರ ಇಳಿಯುತ್ತದೆ, ಇಳಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತದೆ. ಕಾಳು ಕೊಕ್ಕಿನ ತುದಿಗೆ ಸಿಕ್ಕಿದ ಮೇಲೆ ತಲೆ ಚೂರು ಮೇಲೆ ಎತ್ತಿ ಒಳಕ್ಕೆ ಎಸೆದುಕೊಳ್ಳುತ್ತದೆ. ಬಟಾಣಿ ಉರುಟಾಗಿದೆ, ಒಂದೇ ಸಲಕ್ಕೆ ಕೂರುತ್ತದೆ. ಹುರುಳಿ ಚಪ್ಪಟೆ, ಸಿಪ್ಪೆ ನುಣುಪು. ಕೊಕ್ಕಿನ ತುದಿಯಲ್ಲಿ ಅದು ತಿರುಗುತ್ತದೆ. ಹಕ್ಕಿ ಅದನ್ನು ಒಮ್ಮೆ ಹಿಡಿದು ನೋಡುತ್ತದೆ, ಸರಿಯಾಗಿ ಕೂರದಿದ್ದರೆ ತಲೆ ಕೊಡವಿ ಬಿಟ್ಟುಬಿಡುತ್ತದೆ. ಬಿಟ್ಟ ಹುರುಳಿಯ ಪಕ್ಕದಲ್ಲೇ ಮೆಕ್ಕೆಜೋಳ ಕಂಡರೆ ಮತ್ತೆ ಹುರುಳಿ ಕಡೆ ತಿರುಗುವ ಮಾತೇ ಇಲ್ಲ.

ಆಗಿನ ತಟ್ಟೆ ಎಂದರೆ ಮರದ ಮಣೆ. ಅದರ ಬಣ್ಣವೂ ಕಂದು, ಹುರುಳಿಯೂ ಕಂದು. ಸ್ಟೀಲಿನ ತಟ್ಟೆಗೆ ಬದಲಾಯಿಸಿದಾಗ ಹುರುಳಿ ಮೊದಲಿಗಿಂತ ಸ್ವಲ್ಪ ಜಾಸ್ತಿ ಖರ್ಚಾಯಿತು. ಪೂರ್ತಿ ಅಲ್ಲ, ಆದರೆ ವ್ಯತ್ಯಾಸ ಕಾಣುವಷ್ಟು. ಹಕ್ಕಿ ಕಾಳನ್ನು ನೋಡಿ, ಕೊಕ್ಕಿನಲ್ಲಿ ಹಿಡಿದು ತೂಗಿ ಆರಿಸುತ್ತದೆ. ನಾವು ರುಚಿ ಎನ್ನುವುದು ಅದಕ್ಕೆ ಕಣ್ಣು ಮತ್ತು ಕೊಕ್ಕಿನ ತುದಿಯಲ್ಲಿದೆ.

ಇಲ್ಲಿ 1973ರ ಒಂದು ಪ್ರಯೋಗ ನೆನಪಾಗುತ್ತದೆ. ಜೆಂಕಿನ್ಸ್ ಮತ್ತು ಮೂರ್ ಎಂಬ ಇಬ್ಬರು ಸಂಶೋಧಕರು ಪಾರಿವಾಳದ ಮುಂದೆ ಸ್ವಿಚ್ಚಿನಂಥ ಒಂದು ಚಿಕ್ಕ ಗುಂಡಿಗೆ (ಬಟನ್‌ಗೆ) ಬೆಳಕು ಹಾಕುತ್ತಿದ್ದರು. ಬೆಳಕಾದ ಮೇಲೆ ಕೆಲವು ಹಕ್ಕಿಗೆ ಕಾಳು, ಕೆಲವಕ್ಕೆ ನೀರು. ಸ್ವಲ್ಪ ಕಾಲದಲ್ಲಿ ಹಕ್ಕಿಗಳು ಆ ಗುಂಡಿಯನ್ನೇ ಕುಕ್ಕತೊಡಗಿದವು. ಕಾಳು ಸಿಗುವ ಹಕ್ಕಿ ಕೊಕ್ಕು ಬಿಚ್ಚಿ, ಕಣ್ಣು ಮುಚ್ಚಿ, ಚುರುಕಾಗಿ ಕುಕ್ಕಿತು. ನೀರು ಸಿಗುವ ಹಕ್ಕಿ ಕೊಕ್ಕನ್ನು ಹೆಚ್ಚುಕಡಿಮೆ ಮುಚ್ಚಿಕೊಂಡು, ನಿಧಾನಕ್ಕೆ, ಕುಡಿಯುವ ಹಾಗೆ ಮುಟ್ಟಿತು. ಗುಂಡಿ ಒಂದೇ. ಬರಲಿರುವುದು ಏನು ಎಂಬುದು ಮಾತ್ರ ಬೇರೆ. ಓದಿದ ದಿನದಿಂದ ನಮ್ಮ ಹಕ್ಕಿಗಳು ತಟ್ಟೆಗೆ ಬಗ್ಗುವುದನ್ನು ನೋಡುವ ನನ್ನ ರೀತಿಯೇ ಬದಲಾಯಿತು.

ಜೆಪ್ಪಿನ ಪೊರ್ಬುಗಳು

ನಾನು ಪಾರಿವಾಳ ನೋಡಲು ಕಲಿತದ್ದು ಮಂಗಳೂರಿನ ಜೆಪ್ಪಿನಲ್ಲಿ, ನಮ್ಮ ಅಜ್ಜಿ ಮನೆಯ ಪಕ್ಕದ ಹಿತ್ತಿಲಲ್ಲಿ. ಅಲ್ಲಿದ್ದ ಹಿರಿಯರನ್ನು ಊರೆಲ್ಲ ಪೊರ್ಬುಗಳು ಎಂದೇ ಕರೆಯುತ್ತಿತ್ತು, ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಕರೆಯುವುದು ಹಾಗೆ. ಹಂಚಿನ ಮನೆ, ಹಿಂದೆ ಹಲಸಿನ ಮರ, ಮರದ ಪಕ್ಕ ಹಣ್ಣಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ಮೊಳೆ ಹೊಡೆದ ಗೂಡು. ಸಂಜೆ ಶಾಲೆ ಬಿಟ್ಟು ಬಂದರೆ ನಾನು ಸೀದಾ ಅಲ್ಲಿಗೆ.

ಅವರಲ್ಲಿ ಇಡೀ ದಿನ ಕಾಳು ತುಂಬಿಟ್ಟ ತಟ್ಟೆ ಎಂಬುದೇ ಇರಲಿಲ್ಲ. ಬೆಳಿಗ್ಗೆ ಸ್ವಲ್ಪ, ಸಂಜೆ ಹೊಟ್ಟೆ ತುಂಬ. ಸಂಜೆ ಹಕ್ಕಿಗಳನ್ನು ಮೊದಲು ಹಾರಿಸುತ್ತಿದ್ದರು. ಅವು ನೇತ್ರಾವತಿ ಕಡೆ ಒಂದು ಸುತ್ತು, ಮತ್ತೆ ಮನೆಯ ಮೇಲೆ ಒಂದು ಸುತ್ತು ಹೊಡೆಯುವಾಗ ಪೊರ್ಬುಗಳು ಬಿಸ್ಕತ್ತಿನ ತಗಡಿನ ಡಬ್ಬಿ ಅಲ್ಲಾಡಿಸುತ್ತಿದ್ದರು. ಒಳಗೆ ಒಂದು ಮುಷ್ಟಿ ಹುರುಳಿ. ಹೌದು, ಹುರುಳಿಯೇ. ಆ ಸದ್ದಿಗೆ ಹಕ್ಕಿಗಳು ಬಿದ್ದಂತೆ ಇಳಿದು ಬರುತ್ತಿದ್ದವು. ಹುರುಳಿ, ಹೆಸರು ಮೊದಲು. ಅದು ಮುಗಿದ ಮೇಲೆ ಭತ್ತ, ಜೋಳ. ಮೆಕ್ಕೆಜೋಳ ಕೊನೆಗೆ, ಅದೂ ಲೆಕ್ಕ ಮಾಡಿದ ಹಾಗೆ.

"ಮೆಕ್ಕೆಜೋಳವನ್ನೇ ಮೊದಲು ಹಾಕಿ ಪೊರ್ಬುಗಳೇ, ಅವಕ್ಕೆ ಅದೇ ಇಷ್ಟ ಅಲ್ವಾ?" ಎಂದು ಕೇಳಿದ್ದೆ.

"ಇಷ್ಟ ಉಂಟು ಮಗಾ. ಹಸಿವು ಇರುವಾಗ ಎಲ್ಲವೂ ಇಷ್ಟವೇ. ಅದಕ್ಕೇ ಹಸಿವು ಇರುವಾಗ ಹುರುಳಿ. ಹಸಿವು ಹೋದ ಮೇಲೆ ಅದನ್ನು ಯಾರು ಕೇಳ್ತಾರೆ?"

ನನ್ನ ಗಮನ ತಟ್ಟೆಯ ಮೇಲೆ, ಅವರ ಗಮನ ನೀರಿನ ಮಡಕೆಯ ಮೇಲೆ. ತಿನ್ನುತ್ತಿದ್ದ ಗುಂಪಿನಿಂದ ಒಂದು ಹಕ್ಕಿ ಬಿಟ್ಟು ನೀರಿನ ಕಡೆ ಹೋಗುತ್ತದೆ. ಇನ್ನೊಂದು ಹೋಗುತ್ತದೆ. "ನೋಡು, ಆ ಕರಿ ಹಕ್ಕಿ ನೀರಿಗೆ ಹೋಯ್ತು. ಇನ್ನು ಸಾಕು," ಎಂದು ಡಬ್ಬಿ ಮುಚ್ಚುತ್ತಿದ್ದರು. ಉಳಿದವು ಇನ್ನೂ ಕುತ್ತಿಗೆ ಚಾಚಿ ನೋಡುತ್ತಿದ್ದರೂ ಕೈ ಮತ್ತೆ ಡಬ್ಬಿಗೆ ಹೋಗುತ್ತಿರಲಿಲ್ಲ. ಅವರ ಹೆಂಡತಿ ಬಾಯಮ್ಮ ಅಡಿಗೆಮನೆ ಬಾಗಿಲಲ್ಲಿ ನಿಂತು, "ಪಾಪ, ಇನ್ನೊಂದು ಮುಷ್ಟಿ ಹಾಕಿ ಮಾರಾಯ್ರೆ" ಎನ್ನುತ್ತಿದ್ದರು. ಪೊರ್ಬುಗಳು ನಗುತ್ತಿದ್ದರು, ಹಾಕುತ್ತಿರಲಿಲ್ಲ.

ಪಾರಿವಾಳ ಸಾಕಿ ಪಳಗಿದವರು ಎಲ್ಲ ಕಡೆ ಇದೇ ಮಾತು ಹೇಳುತ್ತಾರೆ: ಮೊದಲ ಹಕ್ಕಿಗಳು ನೀರಿಗೆ ಹೋದರೆ ಕಾಳು ನಿಲ್ಲಿಸು. ಒಂದು ಹಕ್ಕಿಗೆ ದಿನಕ್ಕೆ ಸುಮಾರು 30 ಗ್ರಾಂ ಸಾಕು, ಅದರ ಮೈತೂಕದ ಹತ್ತನೇ ಒಂದು ಪಾಲು. ತಟ್ಟೆ ಸದಾ ತುಂಬಿದ್ದರೆ ಹಕ್ಕಿ ಇಷ್ಟವಾದದ್ದನ್ನು ಆರಿಸಿ ತಿಂದು ಕೊಬ್ಬು ಬೆಳೆಸುತ್ತದೆ, ಬೇಕಾದದ್ದನ್ನು ಬಿಡುತ್ತದೆ. ಅಕ್ಕರೆಯಿಂದ ತುಂಬಿಟ್ಟ ತಟ್ಟೆಯೇ ಹಕ್ಕಿಗೆ ಆ ಚಾಳಿ ಕಲಿಸುತ್ತದೆ ಎಂದು ನನಗೆ ಈಗ ಖಾತ್ರಿಯಾಗಿದೆ. ಬಿಜೈಯ ನಮ್ಮ ತಾರಸಿಯಲ್ಲೂ ಈಗ ಎರಡೇ ಹೊತ್ತು. ಏಕದಳದ ಕಾಳು ಮುಕ್ಕಾಲು ಪಾಲಿಗೆ ಸ್ವಲ್ಪ ಕಡಿಮೆ, ಬೇಳೆಕಾಳು ಕಾಲು ಪಾಲಿಗೆ ಸ್ವಲ್ಪ ಜಾಸ್ತಿ. ಹೀಗೆ ಬೆರೆಸಿದರೆ ಒಟ್ಟು ಪ್ರೋಟೀನ್ ಶೇಕಡ 14ರ ಹತ್ತಿರ ಬರುತ್ತದೆ. ಸುಮ್ನೆ ಮನೆಯಲ್ಲಿ ಹಾರಾಡಿಕೊಂಡಿರುವ ಹಕ್ಕಿಗೆ ಅದು ಸಾಕು. ಮರಿ ಇದ್ದಾಗ, ಗರಿ ಉದುರಿ ಹೊಸದು ಬರುವಾಗ ಬೇಳೆಕಾಳು ಏರಿಸಬೇಕು.

ಅಪ್ಪನೂ ಕೊಡುವ ಹಾಲು

ಮರಿ ಇದ್ದಾಗ ಎಂದೆನಲ್ಲ. ಪಾರಿವಾಳದ ಊಟದಲ್ಲಿ ನನಗೆ ಅತಿ ದೊಡ್ಡ ಅಚ್ಚರಿ ಅದೇ. ಮೊಟ್ಟೆ ಎರಡು. ಕಾವು ಹದಿನೇಳು, ಹದಿನೆಂಟು ದಿನ. ಹಗಲಿನ ನಡುಹೊತ್ತಿನಲ್ಲಿ ಗಂಡು ಕೂರುತ್ತದೆ, ಸಂಜೆಯಿಂದ ಬೆಳಗಿನ ತನಕ ಹೆಣ್ಣು. ಮರಿ ಒಡೆಯುವ ಕೆಲವು ದಿನ ಮೊದಲೇ ಇಬ್ಬರ ಗಂಟಲ ಚೀಲದ ಒಳಪದರ ದಪ್ಪವಾಗುತ್ತದೆ. ಆ ಪದರದ ಕೋಶಗಳು ಕಳಚಿ ಮೊಸರಿನ ಗಡ್ಡೆಯ ಹಾಗೆ ಸೇರುತ್ತವೆ. ಇದೇ ಪಾರಿವಾಳದ ಹಾಲು. ಪ್ರೋಟೀನ್ ಮತ್ತು ಕೊಬ್ಬು ತುಂಬಿದ್ದು, ಸಕ್ಕರೆ ಅಂಶ ಇಲ್ಲವೇ ಇಲ್ಲ ಎನ್ನಬಹುದು. ಮೊದಲ ಕೆಲವು ದಿನ ಮರಿಗೆ ಇದನ್ನು ಬಿಟ್ಟರೆ ಬೇರೇನೂ ಇಲ್ಲ. ಅಪ್ಪ ಅಮ್ಮ ಇಬ್ಬರೂ ಕೊಡುತ್ತಾರೆ. ಇದನ್ನು ಹುಟ್ಟಿಸುವುದು ಪ್ರೊಲ್ಯಾಕ್ಟಿನ್, ಮನುಷ್ಯ ತಾಯಿಯ ಎದೆಹಾಲಿನ ಹಿಂದೆ ಇರುವ ಅದೇ ಹಾರ್ಮೋನು. 1933ರಲ್ಲಿ ಅಮೆರಿಕದ ಆಸ್ಕರ್ ರಿಡಲ್ ಮತ್ತು ಜೊತೆಗಾರರು ಅದನ್ನು ಗುರುತಿಸಿ ಹೆಸರಿಟ್ಟದ್ದು ಪಾರಿವಾಳದ ಗಂಟಲ ಚೀಲವನ್ನು ನೋಡಿಯೇ.

ಒಂದು ರಾತ್ರಿ ಕರೆಂಟು ಹೋಗಿತ್ತು. ಗೂಡಿನಲ್ಲಿ ಏನೋ ಸದ್ದಾದ ಹಾಗಾಗಿ ಟಾರ್ಚ್ ಹಿಡಿದು ಹೋದೆ. ಹೆಣ್ಣು ಮರಿಗಳಿಗೆ ಉಣಿಸುತ್ತಿತ್ತು. ಬೇರೆ ಎಷ್ಟೋ ಹಕ್ಕಿಗಳ ಮರಿ ಬಾಯಿ ತೆರೆದು ಕಾಯುತ್ತವೆ, ತಾಯಿ ಒಳಗೆ ಹಾಕುತ್ತದೆ. ಇಲ್ಲಿ ಉಲ್ಟಾ. ಕಣ್ಣೂ ಬಿಡದ, ಹಳದಿ ಕೂದಲಿನ ಆ ಮರಿ ತನ್ನ ಇಡೀ ಕೊಕ್ಕನ್ನು ಅಮ್ಮನ ಬಾಯೊಳಗೆ ತೂರಿಸಿತ್ತು. ಅಮ್ಮನ ಕುತ್ತಿಗೆ ಮೇಲೆ ಕೆಳಗೆ ಅಲುಗುತ್ತಿತ್ತು. ಮರಿಯ ಪುಟ್ಟ ಚೀಲ ಉಬ್ಬುವುದು ಚರ್ಮದ ಮೇಲಿಂದಲೇ ಕಾಣುತ್ತಿತ್ತು. ಇನ್ನೊಂದು ಮರಿಯೂ ಪಕ್ಕದಿಂದ ತಲೆ ತೂರಿಸಿತು. ಎರಡಕ್ಕೂ ಜಾಗ ಆಯಿತು.

ಆ ದಿನಗಳಲ್ಲಿ ದೊಡ್ಡ ಹಕ್ಕಿಗಳ ತಟ್ಟೆಯೂ ಬದಲಾಗುತ್ತದೆ. ಮರಿ ಒಡೆಯುವ ಹೊತ್ತಿಗೆ ಅವು ತಿನ್ನುವುದೇ ಕಡಿಮೆ. ನಾಲ್ಕೈದು ದಿನ ಕಳೆದ ಮೇಲೆ ಹಾಲಿನ ಜೊತೆ ನೆನೆದ ಕಾಳು ಸೇರತೊಡಗುತ್ತದೆ, ಹತ್ತು ದಿನ ಆಗುವಾಗ ಹೆಚ್ಚಿನದು ಕಾಳೇ. ಆಗ ನಮ್ಮ ಜೋಡಿ ದೊಡ್ಡ ಮೆಕ್ಕೆಜೋಳ ಬಿಟ್ಟು ಸಜ್ಜೆ, ಹೆಸರು, ಆ ಹುರುಳಿಯನ್ನೂ ಹುಡುಕಿ ತಿಂದದ್ದನ್ನು ನಾನೇ ನೋಡಿದ್ದೇನೆ. ನೀರು ಮಾತ್ರ ಎರಡರಷ್ಟು ಬೇಕು. ಈ ಹಾಲಿನ ದಾರಿಯಲ್ಲೇ ಒಂದು ಕೆಟ್ಟ ಕಾಯಿಲೆಯೂ ದಾಟುತ್ತದೆ. ಬಾಯೊಳಗೆ ಹಳದಿ ಗಡ್ಡೆ ಕಟ್ಟುವ ಕಾಯಿಲೆ, ಟ್ರೈಕೊಮೊನಾಸ್ ಎಂಬ ಸೂಕ್ಷ್ಮಜೀವಿಯಿಂದ ಬರುತ್ತದೆ. ಮರಿ ಕಾಳು ಹಿಡಿಯದೆ ಸೊರಗಿದರೆ ಮೊದಲು ಬಾಯಿ ಬಿಡಿಸಿ ನೋಡಿ, ಪಶುವೈದ್ಯರಲ್ಲಿಗೆ ಹೋಗಿ. ಕಾಳು ಬದಲಾಯಿಸುತ್ತಾ ದಿನ ಕಳೆಯಬೇಡಿ.

ಮರಿ ಮೊದಲು ಅರಿಯುವ ಕಾಳು ಅಪ್ಪ ಅಮ್ಮನ ಗಂಟಲಲ್ಲಿ ನೆನೆದದ್ದು. ಗೂಡಿನಿಂದ ಇಳಿದ ಮೇಲೆ ಅವರ ಪಕ್ಕದಲ್ಲಿ ನಿಂತು, ಅವರು ಕುಕ್ಕಿದ್ದನ್ನೇ ಕುಕ್ಕುತ್ತದೆ. ಹುಬ್ಬಳ್ಳಿ ಕಡೆಯಿಂದ ಗೆಳೆಯರೊಬ್ಬರು ಕೊಟ್ಟ ಜೋಡಿ ನಮ್ಮಲ್ಲಿಗೆ ಬಂದಾಗ ಇದು ಚೆನ್ನಾಗಿ ತಿಳಿಯಿತು. ಅವು ಬಿಳಿಜೋಳ ಕಂಡರೆ ಓಡಿ ಬರುತ್ತಿದ್ದವು. ಭತ್ತದ ಮೇಲೆ ನಡೆದು ಹೋಗುತ್ತಿದ್ದವು, ಅದು ತಿನ್ನುವ ವಸ್ತು ಎಂದೇ ಅವಕ್ಕೆ ಅನಿಸಿರಲಿಲ್ಲ. ಇಲ್ಲೇ ಹುಟ್ಟಿದವು ಪಕ್ಕದಲ್ಲೇ ಭತ್ತ ನುಂಗುತ್ತಿದ್ದರೂ ಬಹಳ ದಿನ ಹಾಗೇ ನಡೆಯಿತು. ಆ ಜೋಡಿಯ ಮರಿಗಳು ಮಾತ್ರ ನಮ್ಮ ಹಕ್ಕಿಗಳ ನಡುವೆ ಬೆಳೆದು ಭತ್ತ ಹಿಡಿದವು. ಹೊಸ ಹಕ್ಕಿ ತರುವವರಿಗೆ ನಾನು ಹೇಳುವುದು ಇಷ್ಟೇ. ಕೊಡುವವರ ಹತ್ತಿರ ಅವು ತಿನ್ನುತ್ತಿದ್ದ ಕಾಳನ್ನೇ ಒಂದಿಷ್ಟು ಕೇಳಿ ತನ್ನಿ. ನಿಮ್ಮ ಕಾಳನ್ನು ಅದಕ್ಕೆ ದಿನಾ ಸ್ವಲ್ಪ ಸ್ವಲ್ಪ ಬೆರೆಸಿ.

ಮರುವಾಯಿ, ಹಂಚು, ಜಲ್ಲಿ

ಕೋಳಿ ಕೊಯ್ದವರಿಗೆ ಗೊತ್ತಿರುತ್ತದೆ, ಅದರ ಹೊಟ್ಟೆಯೊಳಗೆ ಗಟ್ಟಿ ಮಾಂಸದ ಒಂದು ಚೀಲ, ಬಿಡಿಸಿದರೆ ಒಳಗೆ ಕಲ್ಲಿನ ಚೂರು. ಪಾರಿವಾಳಕ್ಕೂ ಅದೇ ಹಲ್ಲು. ಗಟ್ಟಿ ಕಲ್ಲಿನ ಚೂರು ಕಾಳನ್ನು ಅರೆಯಲು. ಅದರ ಜೊತೆ ಸುಣ್ಣದ ಅಂಶ ಇರುವ ಮೆದು ಚೂರೂ ಬೇಕು. ಅದು ಒಳಗೆ ಕರಗಿ ಮೊಟ್ಟೆ ಚಿಪ್ಪಿಗೆ, ಮೂಳೆಗೆ ಹೋಗುತ್ತದೆ. ಹಳೇ ಮನೆಗಳ ಗೋಡೆಯ ಗಾರೆಯನ್ನು ಪಾರಿವಾಳ ಕುಕ್ಕುವುದು ಈ ಸುಣ್ಣಕ್ಕಾಗಿ.

ನಮ್ಮ ಊರಿನಲ್ಲಿ ಇದಕ್ಕೆ ಪೇಟೆಗೆ ಹೋಗಬೇಕಾಗಿಲ್ಲ. ಮರುವಾಯಿ ಎಂದರೆ ಚಿಪ್ಪುಮೀನು, ಪುಂಡಿ ಎಂದರೆ ಅಕ್ಕಿಯ ಉಂಡೆ ಕಡುಬು. ಮರುವಾಯಿ ಪುಂಡಿ ಮಾಡಿದ ದಿನ ಚಿಪ್ಪುಗಳನ್ನು ಎಸೆಯದೆ ಇಡುತ್ತೇನೆ. ಚೆನ್ನಾಗಿ ತೊಳೆದು, ಕುದಿಸಿ, ಬಿಸಿಲಲ್ಲಿ ಒಣಗಿಸಿ, ಗೋಣಿಯೊಳಗೆ ಹಾಕಿ ಕುಟ್ಟುವುದು. ಪುಡಿಪುಡಿ ಬೇಡ, ಸಜ್ಜೆಯಷ್ಟು ದಪ್ಪ ಇರಲಿ. ಚೂಪು ತುದಿ ಉಳಿಯಬಾರದು. ಅದಕ್ಕೆ ಒಡೆದ ಹಂಚಿನ ಚೂರು, ಒಂದಿಷ್ಟು ಜಲ್ಲಿ ಪುಡಿ. ಜೆಪ್ಪಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಒಡೆದ ಹಂಚಿಗೆ ಆ ಸುತ್ತಿನಲ್ಲಿ ಯಾವತ್ತೂ ಬರ ಬಂದಿಲ್ಲ. ಪೊರ್ಬುಗಳ ಹಿತ್ತಿಲಲ್ಲಿ ಗೂಡಿನ ಬುಡದಲ್ಲಿ ಕೆಂಪು ಚೂರುಗಳ ಒಂದು ಗುಡ್ಡೆಯೇ ಇತ್ತು. ಉಪ್ಪು ಚಿಟಿಕೆ ಸಾಕು. ಪಾರಿವಾಳಕ್ಕೆ ಉಪ್ಪಿನ ಆಸೆ ಜಾಸ್ತಿ, ಕೊಟ್ಟಷ್ಟೂ ತಿಂದು ತೊಂದರೆಗೆ ಬೀಳುತ್ತದೆ. ಅದೇ ಕಾರಣಕ್ಕೆ ಖಾರದ ಮಿಕ್ಸ್ಚರ್, ಚಿಪ್ಸ್ ಹಾಕಬಾರದು. ಬೆಣ್ಣೆಹಣ್ಣನ್ನಂತೂ ಹತ್ತಿರವೂ ತರಬೇಡಿ, ಅದು ಹಕ್ಕಿಗಳಿಗೆ ವಿಷ.

ಆಟಿಯ ಕಾಳು

ಬಯಲುಸೀಮೆಯಲ್ಲಿ ಪಾರಿವಾಳ ಸಾಕುವವರು ಯಾವ ಕಾಳು ಕೊಡಬೇಕು ಎಂದು ಚರ್ಚೆ ಮಾಡುತ್ತಾರೆ. ನಮಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇರುವ ಚಿಂತೆ ಕಾಳನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು. ಗೋಡೆಯೇ ಬೆವರುವ ಕಾಲ ಅದು. ಹೊರಗೆ ಇಟ್ಟ ಮೆಕ್ಕೆಜೋಳ ಆಟಿಗೆ, ಅಂದರೆ ಜುಲೈ ನಡುವಿನಲ್ಲಿ ಶುರುವಾಗುವ ತುಳು ತಿಂಗಳಿಗೆ, ಮೊದಲೇ ಮುಗ್ಗುತ್ತದೆ. ಮೆಕ್ಕೆಜೋಳ, ಶೇಂಗಾ ಎರಡಕ್ಕೂ ಬರುವ ಹಸಿರು-ಹಳದಿ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡಬಹುದು. ಅದು ನೇರ ಪಿತ್ತಜನಕಾಂಗಕ್ಕೆ ಹೊಡೆತ. ಮೇಲಿನ ಬೂಷ್ಟು ತೊಳೆದು ಒಣಗಿಸಿದರೆ ವಿಷ ಹೋಗುವುದಿಲ್ಲ. ಹಕ್ಕಿಗಳಿಗೆ ಅತಿ ಇಷ್ಟವಾದ ಎರಡು ಕಾಳುಗಳೇ ಮಳೆಗಾಲದಲ್ಲಿ ಅತಿ ಅಪಾಯದವು, ಇದನ್ನು ನಾನು ಕೇಳಿದವರಿಗೆಲ್ಲ ಒತ್ತಿ ಹೇಳುತ್ತೇನೆ.

ಬಂದರಿನ ದಿನಸಿ ಮಂಡಿಗಳಲ್ಲಿ ಮಳೆಗಾಲದಲ್ಲಿ ಅಗ್ಗಕ್ಕೆ ಸಿಗುವ ಕಾಳಿನ ಚೀಲ ಇರುತ್ತದೆ, ಹಕ್ಕಿಗೆ ತಾನೇ ಎಂದು ಕೊಡುತ್ತಾರೆ. ತೆಗೆದುಕೊಳ್ಳಬೇಡಿ. ಒಂದು ಮುಷ್ಟಿ ಕೈಯಲ್ಲಿ ಹಿಡಿದು ಬಾಯಿಯ ಹಬೆ ಬಿಟ್ಟು ಮೂಸಿ. ಮುಗ್ಗಲು ವಾಸನೆ ಬಂದರೆ ಬೇಡ. ಹಲ್ಲಿನಲ್ಲಿ ಕಚ್ಚಿದರೆ ಟಕ್ ಎನ್ನಬೇಕು. ಹಿಂದೆ ಅಕ್ಕಿಯನ್ನು ಒಣಹುಲ್ಲಿನ ಮುಡಿ ಕಟ್ಟಿ ಅಟ್ಟದಲ್ಲಿ ಇಡುತ್ತಿದ್ದರು, ಕೆಳಗಿನ ಒಲೆಯ ಹೊಗೆ ಅದನ್ನು ಒಣಗಿಸಿ ಕಾಯುತ್ತಿತ್ತು. ಫ್ಲ್ಯಾಟಿನಲ್ಲಿ ಒಲೆಯೂ ಇಲ್ಲ, ಅಟ್ಟವೂ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಹಪ್ಪಳದ ಜೊತೆಗೇ ಕಾಳು ಒಣಗಿಸಿ ಗಟ್ಟಿ ಮುಚ್ಚಳದ ಡಬ್ಬಿಗೆ ತುಂಬುತ್ತೇನೆ. ಮಳೆ ಜೋರಾದ ಮೇಲೆ ಮೆಕ್ಕೆಜೋಳ ಕಡಿಮೆ, ಶೇಂಗಾ ಪೂರ್ತಿ ಬಂದ್. ಹುರುಳಿ, ಹೆಸರು, ಭತ್ತ ಸ್ವಲ್ಪ ತಡೆದುಕೊಳ್ಳುತ್ತವೆ. ಒದ್ದೆಯಾಗಿ ನೆಲಕ್ಕೆ ಬಿದ್ದ ಕಾಳನ್ನು ಆವತ್ತೇ ಗುಡಿಸಬೇಕು. ಗುಡಿಸುವ ಮೊದಲು ನೀರು ಚಿಮುಕಿಸಿ, ಮುಖಕ್ಕೆ ಮಾಸ್ಕ್ ಹಾಕಿ. ಒಣಗಿದ ಹಿಕ್ಕೆಯ ದೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಹಾಳಾಗಬಹುದು.

ಈ ದೂಳಿನ ಮಾತಿನಿಂದಲೇ ಮುಂಬೈಯ ನಮ್ಮ ಚಿಕ್ಕಮ್ಮನ ಜೊತೆ ಒಂದು ಉದ್ದದ ಫೋನ್ ಮಾತುಕತೆ ನಡೆಯಿತು. 2025ರಲ್ಲಿ ದಾದರ್ ಕಬೂತರ್‌ಖಾನಾ, ಜನ ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದ ಜಾಗ, ಮುಚ್ಚಿಸಿದಾಗ ಅವರಿಗೆ ಬಹಳ ಸಂಕಟ. ಕಿಟಕಿಯಲ್ಲಿ ದಿನವೂ ಜೋಳ ಹಾಕುವವರು ಅವರು. "ನೀನೇ ಸಾಕ್ತೀಯಲ್ಲ, ಹೇಳು, ಪಾಪ ಅವು ಏನು ತಿನ್ನಬೇಕು?" ಎಂದು ಕೇಳಿದರು. ಸಾಕಿದ ಹಕ್ಕಿಗೆ ನಾನು ಅಳತೆ ಇಡುತ್ತೇನೆ, ಹಿಕ್ಕೆ ತೆಗೆಯುತ್ತೇನೆ, ಕಾಯಿಲೆ ನೋಡುತ್ತೇನೆ. ಕಿಟಕಿಗೆ ಬರುವ ನೂರು ಹಕ್ಕಿಗೆ ಅದನ್ನು ಯಾರೂ ಮಾಡುವುದಿಲ್ಲ. ಕಾಳು ಹೆಚ್ಚಾದಷ್ಟು ಮರಿ ಹೆಚ್ಚು, ಹಿಕ್ಕೆ ಹೆಚ್ಚು, ಪಕ್ಕದ ಮನೆಯ ಅಜ್ಜನಿಗೆ ಕೆಮ್ಮು. ಊರಿನ ಪಾರಿವಾಳ ತನ್ನ ಕಾಳು ತಾನೇ ಹುಡುಕಿಕೊಳ್ಳಬಲ್ಲದು. ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ಕಾಳು ಬೇಡ. ಬೇಸಿಗೆಯಲ್ಲಿ ನೀರು ಇಡಬಹುದಾ?" ಎಂದರು. ಬೇಸಿಗೆಯಲ್ಲಿ ಮಾತ್ರ, ಒಂದೇ ಪಾತ್ರೆ ಇಡಿ ಎಂದೆ. ತೆಳು ತಟ್ಟೆ ಬೇಡ ಚಿಕ್ಕಮ್ಮ. ಕಾಗೆ, ಗುಬ್ಬಿ ಒಂದು ಗುಟುಕು ತೆಗೆದು ತಲೆ ಮೇಲೆತ್ತಿ ನುಂಗುತ್ತವೆ. ಪಾರಿವಾಳ ಕೊಕ್ಕನ್ನು ಮುಳುಗಿಸಿ ಒಂದೇ ಉಸಿರಿಗೆ ಹೀರುತ್ತದೆ. ಎರಡು ಬೆರಳಷ್ಟು ಆಳದ ಮಣ್ಣಿನ ಪಾತ್ರೆ ಇಡಿ, ದಿನಾ ಬೆಳಿಗ್ಗೆ ಉಜ್ಜಿ ತೊಳೆದು ಹೊಸ ನೀರು ಹಾಕಿ.